ಹನ್ನೆರಡು ಭಾನುವಾರಗಳ ದುಃಖ

ಸಮಾಜಕಾರ್ಯ ಎಂಬ ವಿಷಯದಲ್ಲಿ ನಾನು ಎಂ.ಎ. ಮಾಡಿದ್ದೇನೆ. ದಾವಣಗೆರೆಯಿಂದ ಕಾಶಿಗೆ ಬಂದು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ವರ್ಷ ಅದನ್ನೇ ಪಾಠ ಹೇಳಿದ್ದೇನೆ. ಅದರಲ್ಲೂ ‘ಪರಸ್ಪರ ಸಹಾಯದ ಗುಂಪು’ ಎಂಬ ಅಧ್ಯಾಯ ನನ್ನದೇ. ಒಂದೇ ಬಗೆಯ ಕಷ್ಟ ಇರುವ ನಾಲ್ಕು ಜನರನ್ನು ಒಂದು ಕಡೆ ಕೂರಿಸಿದರೆ ಅವರೇ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಕೂರಿಸುವವನಿಗೆ ಮಾತ್ರ ಕೂರಿಸುವ ವಿದ್ಯೆ ಗೊತ್ತಿರಬೇಕು. ಆ ವಿದ್ಯೆ ನನಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ ಪರೀಕ್ಷೆಗೆ ಮುನ್ನ ನನ್ನ ನೋಟ್ಸಿಗಾಗಿ ಜೆರಾಕ್ಸ್ ಅಂಗಡಿಯ ಮುಂದೆ ಹುಡುಗರು ಸಾಲು ನಿಲ್ಲುತ್ತಿದ್ದರು.

ಹೀಗೆ ನೆಮ್ಮದಿಯಾಗಿದ್ದ ನನ್ನ ಬಾಳಿನಲ್ಲಿ ಒಂದು ದಿನ ಕೊನೆಯ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಆಪ್ ನೇ ಖುದ್ ಕಭೀ ಚಲಾಯಾ ಹೈ?” ಎಂದು ಕೇಳಿದಳು. ನೀವೇ ಯಾವಾಗಲಾದರೂ ಇಂಥ ಗುಂಪು ನಡೆಸಿದ್ದೀರಾ ಅಂತ!

ಈಜು ಕಲಿಸುವವನಿಗೆ ನೀರಿಗಿಳಿದಿದ್ದೀರಾ ಎಂದು ಕೇಳುವುದು ಸಭ್ಯತೆಯಲ್ಲ. ಆದರೂ ಪ್ರಶ್ನೆ ಚುಚ್ಚಿತು. ಮೂರು ತಿಂಗಳು ಕೊರೆಯಿತು. ಕೊನೆಗೆ ಒಂದು ಮಂಗಳವಾರ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಸಿಕ್ಕಿದ್ದೇ, ಮನೆಗೆ ಬಂದವನು ಹೆಂಡತಿ ಸುಧಾಳ ಮುಂದೆ ಘೋಷಿಸಿದೆ.

“ಬರೋ ಭಾನುವಾರದಿಂದ ನಮ್ಮ ಮನೇಲಿ ಒಂದು ಗುಂಪು ಶುರು ಮಾಡ್ತಿದೀನಿ. ಇಲ್ಲಿರೋ ಕನ್ನಡದವರಿಗೆ.”

“ಯಾತಕ್ಕೆ?”

“ಮನೇಲಿ ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋರಿಗೆ. ಅವರ ಕಷ್ಟ ಯಾರೂ ಕೇಳಲ್ಲ, ಗೊತ್ತಾ?”

ಸುಧಾ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. “ಒಳ್ಳೇದೇರೀ. ಆದ್ರೆ ನಮ್ಮನೇಲಿ ಇರೋದೇ ಇಬ್ಬರ ಗುಂಪು. ಅದ್ರಲ್ಲೂ ನಿಮಗೆ ನನ್ನ ಮಾತು ಕಿವಿಗೆ ಬೀಳಲ್ಲ.”

ಅವಳು ಸಮಾಜಕಾರ್ಯ ಓದಿದವಳಲ್ಲ. ಕ್ಷಮಿಸಿದೆ.

ಮೊದಲು ಪ್ರಕಟಣೆ ಬರೆಯಬೇಕು. ‘ರೋಗಿಗಳನ್ನು ನೋಡಿಕೊಳ್ಳುವವರ ಸಭೆ’ ಎಂದು ಬರೆದು, ಹೊಡೆದು ಹಾಕಿದೆ. ಜನರಿಗೆ ಹಣೆಪಟ್ಟಿ ಕಟ್ಟಬಾರದು ಎಂದು ಪುಸ್ತಕದಲ್ಲಿದೆ. ಹಾಸಿಗೆ ಎಂಬ ಪದವನ್ನೂ ತೆಗೆದೆ. ಆಸ್ಪತ್ರೆ, ಔಷಧಿ ಎಲ್ಲ ತೆಗೆದೆ. ತೆಗೆದು ತೆಗೆದು ಉಳಿದದ್ದು ಇಷ್ಟು: ‘ಬಂಧುಗಳೇ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಗೆ ದಯಮಾಡಿಸಿ, ದುಃಖದಲ್ಲಿ ಭಾಗಿಗಳಾಗಬೇಕಾಗಿ ವಿನಂತಿ.’ ಕೆಳಗೆ ನನ್ನ ಹೆಸರು, ಸೋನಾರ್‌ಪುರದ ಮನೆಯ ವಿಳಾಸ. ಖಾಲಿ ಖಾಲಿ ಕಾಣುತ್ತಿತ್ತು. ಅಂದವಾಗಿರಲೆಂದು ಸುತ್ತಲೂ ದಪ್ಪಗೆ ಕಪ್ಪು ಗೆರೆ ಎಳೆದೆ.

ಒಂದು ಪ್ರತಿಯನ್ನು ಕೇದಾರ ಘಾಟಿನ ಇಡ್ಲಿ ಹೋಟೆಲಿನಲ್ಲಿ, ಇನ್ನೊಂದನ್ನು ನಮ್ಮವರು ಹೋಗಿಬರುವ ಮಠದ ಬೋರ್ಡಿನಲ್ಲಿ ಅಂಟಿಸಿದೆ. ಅಂಟಿಸುವಾಗಲೇ ಹೋಟೆಲಿನವನು ಗಲ್ಲಾ ಬಿಟ್ಟು ಎದ್ದು ಬಂದು ಕೈಮುಗಿದ. ವಿದ್ಯೆಗೆ ಈ ಊರಿನಲ್ಲಿ ಇನ್ನೂ ಮರ್ಯಾದೆ ಇದೆ ಎಂದುಕೊಂಡೆ.

ಅಲ್ಲಿಂದ ಸೋನಾರ್‌ಪುರದ ಟೆಂಟ್ ಹೌಸಿಗೆ ಹೋದೆ. ಕೂರಲು ಜಮಖಾನ ಬೇಕಿತ್ತು. ಅಂಗಡಿಯವನು ಪಾನ್ ತುಂಬಿದ ಬಾಯಲ್ಲೇ, “ಶಾದಿ ಕಿ ಗಮೀ?” ಎಂದ. ಮೇ ತಿಂಗಳು. ಬೆವರು ಹಣೆಯಿಂದ ಮೂಗಿಗಿಳಿಯುತ್ತಿತ್ತು. ನನ್ನ ಹಿಂದಿ ಹನ್ನೊಂದು ವರ್ಷದ ಹಿಂದಿ. ‘ಗರ್ಮೀ’ ಎಂಬುದನ್ನು ಪಾನಿನ ದೆಸೆಯಿಂದ ‘ಗಮೀ’ ಎನ್ನುತ್ತಿದ್ದಾನೆ, ಪಾಪ, ಎಂದುಕೊಂಡು “ಅರೇ ಭೈಯಾ, ಬಹುತ್!” ಎಂದೆ. ಅವನು ಪಾನ್ ಉಗಿದು, ನನ್ನ ಭುಜದ ಮೇಲೆ ಕೈಯಿಟ್ಟು, “ಸಬ್ ಭೋಲೇನಾಥ್ ಕೀ ಮರ್ಜೀ” ಎಂದ, ಎಲ್ಲ ಶಿವನ ಇಚ್ಛೆ ಅಂತ. ಸೆಕೆಗೆ ಇಷ್ಟೊಂದು ಮರುಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಅವನ ಕಡೆಯವರು ಬಂದು ಹಾಲಿನ ತುಂಬ ಅಚ್ಚ ಬಿಳಿಯ ಹಾಸು ಹಾಸಿದರು. ಒಂದು ಗೋಡೆಗೆ ಪುಟ್ಟ ಮೇಜಿಟ್ಟು, ಅದಕ್ಕೂ ಬಿಳಿ ಬಟ್ಟೆ ಹೊದಿಸಿ, ಊದುಬತ್ತಿಯ ಸ್ಟ್ಯಾಂಡ್ ಇಟ್ಟು ಹೋದರು. ಕೇಳದೆಯೇ ಮೇಜು! ನಾನು ಅದರ ಮೇಲೆ ನನ್ನ ಪಠ್ಯಪುಸ್ತಕವನ್ನಿಟ್ಟೆ.

ನಾಲ್ಕು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಹತ್ತು ಗಂಟೆಗೆ ಇಪ್ಪತ್ತೆರಡು ಜನ! ಕೇದಾರ ಘಾಟಿನ ಪುರೋಹಿತರಾದ ಗಣಪತಿ ಭಟ್ಟರು, ಆಸ್ಪತ್ರೆಯ ಹಿರೇಮಠ ಡಾಕ್ಟರು, ಮಠದ ಸಿಬ್ಬಂದಿ, ವಿಶ್ವವಿದ್ಯಾಲಯದ ಸಂಸಾರಗಳು. ಯಾರೂ ನಗಲಿಲ್ಲ. ಬಂದವರು ಬಂದಂತೆ ಮೇಜಿನ ಕಡೆ ಹೋಗಿ ನನ್ನ ಪುಸ್ತಕದ ಮೇಲೆ ಒಂದೆರಡು ಹೂವಿಟ್ಟು, ಕಣ್ಣು ಮುಚ್ಚಿ ನಿಂತು, ಗೋಡೆಗೊರಗಿ ಕೂತರು. ಹೆಂಗಸರು ನೇರ ಅಡುಗೆಮನೆಗೆ ನಡೆದರು. ಹನ್ನೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಆ ಪುಸ್ತಕಕ್ಕೆ ಹೂವಿಟ್ಟಿರಲಿಲ್ಲ.

ಗುಂಪು ನಡೆಸುವವನಿಗೆ ಮೂರು ನಿಯಮಗಳಿವೆ. ಮೌನವನ್ನು ಮುರಿಯಬಾರದು. ಸಲಹೆ ಕೊಡಬಾರದು. ಯಾರು ಏನೇ ಹೇಳಲಿ, ‘ಇದನ್ನು ಹೇಳುವಾಗ ನಿಮಗೆ ಏನನ್ನಿಸುತ್ತಿದೆ?’ ಎಂದು ಕೇಳಬೇಕು. ನಾನು ಮೌನದಿಂದ ಆರಂಭಿಸಿದೆ. ಅವರೂ ಮೌನ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಸುಧಾ ಕಾಫಿ ತಂದಳು. ಒಬ್ಬರೂ ಲೋಟ ಮುಟ್ಟಲಿಲ್ಲ. “ಬೇಡಮ್ಮ, ಇವತ್ತು ಬೇಡ” ಎಂದರು. ಎಷ್ಟು ಆಳವಾದ ಭಾವ! ಮಠದ ಇಬ್ಬರು ಸ್ವಲ್ಪ ಹೊತ್ತು ಕೂತು, ಬರ್ತೀವಿ ಎಂದೂ ಹೇಳದೆ ಎದ್ದು ಹೋದರು. ಭಾವ ಉಕ್ಕಿದಾಗ ಸದಸ್ಯರು ಹೀಗೆ ಎದ್ದು ಹೋಗುವುದುಂಟು. ಅದೂ ಪುಸ್ತಕದಲ್ಲಿದೆ.

ಕೊನೆಗೆ ಭಟ್ಟರು ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದರು. “ಯಾವತ್ತು ಆಯ್ತು ಸಾರ್?”

“ನಿರ್ಧಾರ ಆಗಿದ್ದು ಮಂಗಳವಾರ.”

ಭಟ್ಟರು ಬೆರಳ ಗೆಣ್ಣುಗಳ ಮೇಲೆ ಏನೋ ಎಣಿಸಿದರು. “ಮುಂಚಿಂದ ಇತ್ತಾ, ಇಲ್ಲ ಇದ್ದಕ್ಕಿದ್ದ ಹಾಗೆ?”

“ಮೂರು ತಿಂಗಳಿಂದ ತಲೇಲಿತ್ತು ಭಟ್ರೇ. ಮೇಲಿನವರು ಒಪ್ಪಬೇಕಲ್ಲ, ಅದಕ್ಕೇ ಎಳೀತು.” ಮೇಲಿನವರು ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು.

“ತಲೇಲಿತ್ತಾ! ಅಯ್ಯೋ ಪಾಪ. ಮೇಲಿನವನು ಕರೆಯೋ ತನಕ ಯಾರೇನು ಮಾಡಕ್ಕಾಗುತ್ತೆ.” ಭಟ್ಟರು ನಿಟ್ಟುಸಿರಿಟ್ಟರು. “ಮುಂದಿನ ಕಾರ್ಯ ಎಲ್ಲಿ ಇಟ್ಕೊಂಡಿದೀರಿ?”

ಕಾರ್ಯ! ಸಮಾಜಕಾರ್ಯಕ್ಕೆ ಇಷ್ಟು ಬೇಗ ಒಗ್ಗಿದ ಪುರೋಹಿತರನ್ನು ನೋಡಿ ಹೆಮ್ಮೆಯಾಯಿತು. “ಇಲ್ಲೇ, ಮನೇಲೇ. ಪ್ರತಿ ಭಾನುವಾರ.”

“ಪ್ರತಿ ಭಾನುವಾರ?”

“ಒಟ್ಟು ಹನ್ನೆರಡು.”

“ಹನ್ನೆರಡು ಸರಿ ಸಾರ್. ಆದ್ರೆ ಅದು ತಿಂಗಳಿಗೊಂದು. ವಾರವಾರ ಮಾಸಿಕ ಮಾಡೋದು ಯಾವ ಶಾಸ್ತ್ರದಲ್ಲೂ ಇಲ್ಲ.”

“ನಮ್ಮ ಶಾಸ್ತ್ರದಲ್ಲಿದೆ ಭಟ್ರೇ. ತಿಂಗಳಿಗೊಂದು ಇಟ್ಕೊಂಡ್ರೆ ನಡುವೆ ಬಂಧ ಬಿಟ್ಟು ಹೋಗುತ್ತೆ.”

“ಬಿಟ್ಟು ಹೋಗ್ಲಿ ಅಂತಾನೇ ಅಲ್ವಾ ಸಾರ್ ಮಾಡೋದು!”

ಭಟ್ಟರ ಧ್ವನಿ ಏರಿತು. ಸದಸ್ಯರಲ್ಲಿ ಭಿನ್ನಾಭಿಪ್ರಾಯ ಬರುವುದು ಗುಂಪಿನ ಎರಡನೆಯ ಹಂತ. ನಮ್ಮ ಗುಂಪು ಅರ್ಧ ಗಂಟೆಯಲ್ಲೇ ಎರಡನೆಯ ಹಂತ ಮುಟ್ಟಿತ್ತು!

ಅತ್ತ ಅಡುಗೆಮನೆಯಲ್ಲಿ ಹೆಂಗಸರು ಸುಧಾಳ ಕೈ ಹಿಡಿದು, “ಧೈರ್ಯ ತಂದ್ಕೊಳ್ಳಿ, ನೀವೇ ಅವರನ್ನ ಸಂಭಾಳಿಸ್ಬೇಕು” ಎನ್ನುತ್ತಿದ್ದರಂತೆ. ‘ಅವರು’ ಎಂದರೆ ನಾನು. ಸುಧಾಳಿಗೂ ಕಣ್ಣೀರು ಬಂತಂತೆ. “ಹನ್ನೊಂದು ವರ್ಷಕ್ಕೆ ಒಬ್ಬರಾದ್ರೂ ಅರ್ಥ ಮಾಡ್ಕೊಂಡ್ರಲ್ಲ ಅಂತ ಅಳು ಬಂತು ಕಣ್ರೀ” ಎಂದು ಆಮೇಲೆ ಹೇಳಿದಳು.

ಆಗ ಫೋನು ಬಡಿದುಕೊಂಡಿತು. ಸುಧಾ ಎತ್ತಿಕೊಂಡು ಎರಡು ಮಾತಾಡಿ, ಅಲ್ಲಿಂದಲೇ ಕೂಗಿದಳು. “ರೀ, ದಾವಣಗೆರೆಯಿಂದ ಅತ್ತೆ! ಮಾವಿನಕಾಯಿ ಉಪ್ಪಿನಕಾಯಿ ಹಾಕಿದಾರಂತೆ, ಕಳಿಸ್ಲಾ ಅಂತ ಕೇಳ್ತಿದಾರೆ.”

ಇಪ್ಪತ್ತು ಜನ ಒಟ್ಟಿಗೆ ಉಸಿರು ಹಿಡಿದರು. ಹಿರೇಮಠ ಡಾಕ್ಟರ ಕೈಯಲ್ಲಿದ್ದ ಹೂವು ಜಾರಿ ಬಿತ್ತು. ಭಟ್ಟರು ಹಾಸಿನ ಮೇಲೆ ಎದ್ದು ನಿಂತೇಬಿಟ್ಟರು.

“ತಾಯಿಯವರು ಇದಾರಾ?”

“ಇದಾರೆ. ಅಣ್ಣನ ಮನೇಲಿ. ಯಾಕೆ ಭಟ್ರೇ?”

“ಹಂಗಾದ್ರ ಹೋದಾವ್ರು ಯಾರ್ರೀ?” ಎಂದು ಡಾಕ್ಟರು ಧಾರವಾಡದ ಧಾಟಿಯಲ್ಲಿ ಗುಡುಗಿದರು. “ನಾ ಡ್ಯೂಟಿ ಬಿಟ್ಟು ಬಂದೇನ್ರೀ!”

ಆಮೇಲೆ ಆದದ್ದನ್ನು ವಿವರಿಸಲು ನನಗೆ ನಾಚಿಕೆ. ಕಪ್ಪು ಗೆರೆಯ ಕಾಗದ ಯಾರದೋ ಜೇಬಿನಿಂದ ಹೊರಬಂತು. ಅದನ್ನು ಗಟ್ಟಿಯಾಗಿ ಓದಲಾಯಿತು. ಹೋದದ್ದು ಊರಲ್ಲಿರುವ ನನ್ನ ತಾಯಿಯೇ ಇರಬೇಕೆಂದು ಎಲ್ಲರೂ ತಾವೇ ಊಹಿಸಿಕೊಂಡಿದ್ದರು. ‘ಗಮೀ’ ಎಂದರೆ ಸೂತಕ, ಮದುವೆಯೋ ಸಾವೋ ಎಂದು ಟೆಂಟ್ ಹೌಸಿನವನು ಕೇಳಿದ್ದು ಎಂದು ಭಟ್ಟರು ತಿಳಿಸಿದರು. ಸಾವಿನ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ, ಹೋಗಿ ಬರ್ತೀವಿ ಎನ್ನುವುದಿಲ್ಲ ಎಂಬುದು ನನಗೂ ಹುಟ್ಟಿನಿಂದ ಗೊತ್ತಿದ್ದದ್ದೇ. ಪುಸ್ತಕ ಅಡ್ಡ ಬಂದಿತ್ತು. ಸುಧಾ ನನ್ನತ್ತ ಒಮ್ಮೆ ನೋಡಿದಳು. ಆ ನೋಟಕ್ಕೆ ನಿಜಕ್ಕೂ ಒಂದು ಸಾವು ಸಂಭವಿಸಬಹುದಿತ್ತು.

ಆದರೆ ನಮ್ಮ ಜನ ಒಳ್ಳೆಯವರು. ಮೊದಲು ಡಾಕ್ಟರು ನಕ್ಕರು. ಆಮೇಲೆ ಹೆಂಗಸರು, ಆಮೇಲೆ ಭಟ್ಟರೂ. ಆರಿದ ಕಾಫಿ ಮತ್ತೆ ಬಿಸಿಯಾಯಿತು. ನಾನು ಗಂಟಲು ಸರಿಮಾಡಿಕೊಂಡು, ‘ನಗು ಗುಂಪನ್ನು ಬೆಸೆಯುತ್ತದೆ’ ಎಂಬ ಬಗ್ಗೆ ಎರಡು ಮಾತು ಹೇಳಲು ಸಿದ್ಧನಾದೆ.

ಒಬ್ಬರು ಮಾತ್ರ ನಗಲಿಲ್ಲ. ಗೌರಮ್ಮ.

ಗೌರಮ್ಮನವರ ಯಜಮಾನರು ಸೀತಾರಾಮಯ್ಯ, ಯಾತ್ರಿಕರ ಛತ್ರವೊಂದರ ಮ್ಯಾನೇಜರಾಗಿದ್ದವರು. ದಶಾಶ್ವಮೇಧ ಘಾಟಿನ ಜಂಗುಳಿಯಲ್ಲಿ ನಿಂತು “ಕನ್ನಡದೋರೆಲ್ಲ ಈ ಕಡೆ!” ಎಂದು ಒಂದು ಕೂಗು ಹಾಕಿದರೆ ಆಚೆ ದಡದ ದೋಣಿಯವನೂ ತಿರುಗಿ ನೋಡುತ್ತಿದ್ದ. ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಮಾತೂ ನಿಂತಿತು. ಕೇದಾರ ಘಾಟಿನ ಮೇಲೆ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಾನು ಈ ಗುಂಪು ಕಟ್ಟಹೊರಟದ್ದು ಗೌರಮ್ಮನಂಥವರಿಗಾಗಿಯೇ.

ಗೌರಮ್ಮ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. “ಸಾವಿನ ಮನೆ ಅಂತ ಬಂದೆ ಸಾರ್,” ಎಂದರು. ಕೋಪವೇನೂ ಇರಲಿಲ್ಲ. “ಸಭೆ ಅಂದಿದ್ರೆ ಬರ್ತಿರ್ಲಿಲ್ಲ. ಸಾವಿಗೆ ಹೋಗ್ದೆ ಇದ್ರೆ ಹೇಗೆ ಅಂತ, ಅವರೊಬ್ಬರನ್ನೇ ಒಳಗೆ ಬಿಟ್ಟು, ಹೊರಗಡೆಯಿಂದ ಚಿಲಕ ಹಾಕ್ಕೊಂಡು ಬಂದಿದೀನಿ. ಬಾಯಾರಿದ್ರೆ ಕೇಳಕ್ಕೂ ಬಾಯಿಲ್ಲ ಅವರಿಗೆ.” ಚಪ್ಪಲಿ ಸಿಕ್ಕಿತು. “ಗಂಗೆ ನಮ್ಮನೆಯಿಂದ ನಲವತ್ತು ಮೆಟ್ಟಿಲು ಸಾರ್. ಊರಿಂದ ಜನ ಎರಡು ದಿನ ರೈಲಲ್ಲಿ ಬಂದು ಮುಳುಗು ಹಾಕ್ತಾರೆ. ನಾನು ಕಿಟಕೀಲಿ ನೋಡ್ತೀನಿ. ಒಂದು ವರ್ಷ ಆಯ್ತು, ಕಾಲು ಕೂಡ ನೆನೆಸಿಲ್ಲ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ತರಬೇತಿ ಪಡೆದವನು. ಮೂರನೆಯ ನಿಯಮ ನಾಲಿಗೆಯ ತುದಿಯಲ್ಲೇ ಇತ್ತು.

“ಗೌರಮ್ಮನವರೇ, ಇದನ್ನ ಹೇಳುವಾಗ ನಿಮಗೆ ಏನನ್ನಿಸ್ತಿದೆ?”

“ತಡ ಆಗ್ತಿದೆ ಅನ್ನಿಸ್ತಿದೆ ಸಾರ್,” ಎಂದು ಗೌರಮ್ಮ ಮೆಟ್ಟಿಲಿಳಿದು ಹೋದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಇಷ್ಟು ದಿನ ಪಾಠ ಹೇಳಿದ್ದು ಯಾರಿಗೆ, ಯಾತಕ್ಕೆ ಎಂದು ಆ ಒಂದು ಗಳಿಗೆ ನನಗೆ ತಿಳಿಯದೇ ಹೋಯಿತು.

ಒಂದು ಗಳಿಗೆ ಅಷ್ಟೇ. ಏಕೆಂದರೆ ಭಟ್ಟರು ಆಗಲೇ ಮಾತು ತೆಗೆದಿದ್ದರು. “ನಾನು ಹೇಗೂ ದಿನಾ ಆ ಗಲ್ಲೀಲೇ ಓಡಾಡ್ತೀನಿ. ಸೋಮವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ನಾನು ಕೂರ್ತೀನಿ ಸೀತಾರಾಮಯ್ಯನವರ ಹತ್ರ.”

“ಮಂಗಳವಾರ ನಾನು,” ಎಂದಳು ಸುಧಾ.

ನಾನು ಕೈಯೆತ್ತಿದೆ. “ಒಂದು ನಿಮಿಷ. ಇದು ಮೊದಲನೇ ಸಭೆ. ಮೊದಲು ಭಾವನೆ ಹೊರಗೆ ಬರ್ಬೇಕು. ಪರಿಹಾರಕ್ಕೆ ಬರೋದು ಐದನೇ ಸಭೇಲಿ.”

“ಹಂಗಂದ್ರ ಆಕಿ ಐದು ವಾರ ಜಳಕಾ ಮಾಡಬಾರ್ದೇನ್ರೀ?” ಎಂದರು ಡಾಕ್ಟರು. “ಬುಧವಾರ ನಂದು ಬರಕೋರಿ. ಕೈಕಾಲಿಗೆ ವ್ಯಾಯಾಮನೂ ಮಾಡಿಸ್ತೀನಿ.”

“ರೀ, ನೀವು ಸ್ವಲ್ಪ ಸುಮ್ಮನಿರ್ತೀರಾ?” ಎಂದಳು ಸುಧಾ.

ನಾನು ಎರಡು ರಾತ್ರಿ ಕೂತು ಗುಂಪಿನ ಹಂತಗಳನ್ನು ಬಣ್ಣದ ಪೆನ್ನಿನಲ್ಲಿ ಬರೆದಿದ್ದ ಚಾರ್ಟನ್ನು ಭಟ್ಟರು ಮಗುಚಿ, ಹಿಂಬದಿಯಲ್ಲಿ ವಾರಗಳ ಹೆಸರು ಬರೆದರು. ಐದೇ ನಿಮಿಷಕ್ಕೆ ಶನಿವಾರದ ತನಕ ತುಂಬಿಹೋಯಿತು. ಮಗುವಿನ ಜ್ವರ, ಮಾವನ ಮರೆವು, ಅತ್ತೆಯ ಸೊಂಟ ಎಂದು ಅವರವರ ಮನೆಯ ಕತೆಗಳೂ ಆ ಐದು ನಿಮಿಷದಲ್ಲೇ ತಾವಾಗಿ ಹೊರಬಂದವು. ಒಬ್ಬರಿಗೊಬ್ಬರು ಸಲಹೆ ಕೊಟ್ಟರು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದರು. ಮೂರೂ ನಿಯಮ ನನ್ನ ಕಣ್ಣೆದುರೇ ನೆಲಕಚ್ಚಿದವು. ಗುಂಪು ಹುಟ್ಟಿತ್ತು. ಹೆರಿಗೆ ಮಾಡಿಸಬೇಕಾದವನನ್ನು ಯಾರೂ ಒಳಗೆ ಕರೆದಿರಲಿಲ್ಲ!

“ನನಗೆ?” ಎಂದೆ.

ಭಟ್ಟರು ಚಾರ್ಟ್ ನೋಡಿ, ಸುಧಾಳ ಮುಖ ನೋಡಿ, “ಭಾನುವಾರ ಖಾಲಿ ಇದೆ ಸಾರ್” ಎಂದರು.

ಸೋಮವಾರ ಗೌರಮ್ಮ ಒಂದೇ ಮುಳುಗು ಹಾಕಿ, ಸೀರೆಯನ್ನೂ ಹಿಂಡದೆ ಓಡಿ ಬಂದರಂತೆ. ಗುರುವಾರದ ಹೊತ್ತಿಗೆ ಮೂರು ಮುಳುಗಾಯಿತು. ಭಾನುವಾರ ನಾನು ಹೋದಾಗ ಬಾಗಿಲಲ್ಲಿ ನಿಂತು, “ಅರ್ಧ ಗಂಟೆ ಹೋಗಿ ಬರ್ಲಾ ಸಾರ್?” ಎಂದು ಅನುಮಾನಿಸುತ್ತಾ ಕೇಳಿದರು.

“ಒಂದು ಗಂಟೆ ಹೋಗಿ. ನಾನಿದೀನಲ್ಲ!”

ಸೀತಾರಾಮಯ್ಯನವರು ದಿಂಬಿಗೊರಗಿ ಕೂತಿದ್ದರು. ಕಣ್ಣು ಚುರುಕಾಗಿದ್ದವು. ನನಗೆ ಹೊಳೆಯಿತು: ಇಂಥ ಶ್ರೋತೃ ನನಗೆ ಎಂದೂ ಸಿಕ್ಕಿಲ್ಲ. ಎದ್ದು ಹೋಗುವಂತಿಲ್ಲ, ಆಕಳಿಸಿದರೂ ಅರ್ಧವೇ ಆಕಳಿಕೆ. ಪರಸ್ಪರ ಸಹಾಯದ ಗುಂಪಿನ ಇತಿಹಾಸದಿಂದ ಶುರು ಮಾಡಿದೆ. ಹಂತ ಒಂದು, ಹಂತ ಎರಡು. ಮೊನ್ನೆ ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲೆಲ್ಲಿ ತಪ್ಪಿದರು ಎಂಬುದನ್ನೂ ಬಿಡಿಸಿ ಹೇಳಿದೆ. ನಾಲ್ಕನೆಯ ಹಂತದಲ್ಲಿದ್ದಾಗ ಅವರ ತುಟಿ ನಡುಗಿತು. ಕತ್ತಿನ ನರ ಉಬ್ಬಿತು. ಇಡೀ ದೇಹದ ಬಲ ಹಾಕಿ, ಗಂಟಲಿನಿಂದ ಒಂದು ಸದ್ದು ಬಂತು.

“ಸಾ…”

ನಾನು ಕಿಟಕಿಗೆ ಹಾರಿದೆ. “ಗೌರಮ್ಮನವರೇ! ಮಾತಾಡಿದ್ರು! ರಾಯರು ಮಾತಾಡಿದ್ರು!” ಕೇದಾರ ಘಾಟಿನಲ್ಲಿ ಮುಳುಗು ಹಾಕುತ್ತಿದ್ದವರೆಲ್ಲ ತಲೆಯೆತ್ತಿದರು. ಗೌರಮ್ಮ ಒದ್ದೆ ಸೀರೆಯಲ್ಲೇ ನಲವತ್ತು ಮೆಟ್ಟಿಲು ಹತ್ತಿ ಬಂದರು.

“ಏನಂದ್ರು ಸಾರ್?”

“ಸಾರ್ ಅಂದ್ರು. ನನ್ನನ್ನ ಗುರುತು ಹಿಡಿದು ‘ಸಾರ್’ ಅಂತ ಕರೆದ್ರು!”

ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಅತ್ತು ಮುಗಿದ ಮೇಲೆ, “ಇವರು ಯಾರನ್ನೂ ಸಾರ್ ಅಂದೋರಲ್ಲ…” ಎಂದು ಏನೋ ಯೋಚನೆ ಮಾಡಿದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತು ನಿಧಾನವಾಗಿ ಮರಳಬಹುದು ಎಂದು ಹಿರೇಮಠ ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೆ ಬೇಕಿದ್ದದ್ದು ಸಮಾಜಕಾರ್ಯ! ಸಂಜೆಯೊಳಗೆ ಕಾಶಿಯ ಕನ್ನಡಿಗರಿಗೆಲ್ಲ ಸುದ್ದಿ ಮುಟ್ಟಿಸಿದೆ. ಆ ಸೋಮವಾರ ತರಗತಿಯಲ್ಲಿ ಕೊನೆಯ ಬೆಂಚಿನ ಕಡೆ ನೋಡಿಯೇ ಪಾಠ ಮಾಡಿದೆ.

ಮುಂದಿನ ಭಾನುವಾರ ನೋಟ್ಸಿನ ಕಂತೆಯನ್ನೇ ಹೊತ್ತು ಹೋದೆ. ಈ ಸಲ ಗೌರಮ್ಮ ನಿಧಾನವಾಗಿ ಮಿಂದು, ತಲೆ ಒರೆಸಿಕೊಂಡು, ಬಾಗಿಲಿಗೆ ಬರುವ ಹೊತ್ತಿಗೆ ನಾನು ಹಂತ ಆರನ್ನು ಎರಡನೆಯ ಸಲ ವಿವರಿಸುತ್ತಿದ್ದೆ. ಸೀತಾರಾಮಯ್ಯನವರು ಎಡಗೈಯಲ್ಲಿ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದರು. ನನ್ನನ್ನೇ ನೋಡಿದರು. ತುಟಿ ನಡುಗಿತು.

“ಸಾ… ಕು.”

ತಪ್ಪಾಗಿ ಕೇಳಿಸಿಕೊಳ್ಳಲು ಅವಕಾಶವೇ ಇರಲಿಲ್ಲ. ಘಾಟಿನಲ್ಲಿ ಜನ ಸೇರಿಸುತ್ತಿದ್ದ ಅದೇ ಗಂಟಲು.

ಗೌರಮ್ಮ ಬಾಗಿಲಲ್ಲೇ ಕುಸಿದು ಕೂತರು. ನಾನು ಗಾಬರಿಯಾದೆ. ನೋಡಿದರೆ ನಗುತ್ತಿದ್ದರು! ಒದ್ದೆ ಕೂದಲು, ಕಣ್ಣಲ್ಲಿ ನೀರು, ನಿಲ್ಲದ ನಗು. ಅವರನ್ನು ನೋಡಿ ಸೀತಾರಾಮಯ್ಯನವರೂ ಅರ್ಧ ಮುಖದಲ್ಲೇ ನಕ್ಕರು. ನಾನು ಮರ್ಯಾದೆಯಿಂದ ನೋಟ್ಸು ಜೋಡಿಸಿ ಎದ್ದೆ.

“ಎಲ್ಲಿಗೆ ಹೊರಟ್ರಿ ಸಾರ್?” ಗೌರಮ್ಮ ಓಡಿ ಬಂದು ಅಡ್ಡ ನಿಂತರು. “ಕೂತ್ಕೊಳ್ಳಿ, ನಿಮ್ಮ ದಮ್ಮಯ್ಯ. ಇನ್ನೊಂದರ್ಧ ಗಂಟೆ ಹೀಗೇ ಮಾತಾಡ್ತಾ ಇರಿ. ‘ಸಾಕು ನಿಲ್ಸಯ್ಯ’ ಅಂತ ಪೂರ್ತಿ ಬಂದ್ಬಿಡುತ್ತೆ!”

ನಾನು ಕೂತೆ. ನೋಟ್ಸು ಬಿಚ್ಚಿ, ಹಂತ ಒಂದರಿಂದ ಮತ್ತೆ ಶುರು ಮಾಡಿದೆ.